ಮಗಳಿಗೆ ದಶಮಾಂಶದ ಲೆಕ್ಕ ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತುತ್ತಿಲ್ಲ, ಏನು ಮಾಡಲಿ?

ಮಗಳು ಆರನೇ ಕ್ಲಾಸು, ಕೂಡೋದು ಕಳೆಯೋದು ಸಲೀಸು, ಚುಕ್ಕಿ ಬಂದರೆ ಮಾತ್ರ ಎಲ್ಲಾ ತಪ್ಪು ಅಂತ ಬರೆದಿದ್ದೀರಿ. ಇನ್ನೊಂದು ಸಲ ಹೇಳಿಕೊಡಬೇಡಿ. ಅವಳ ಬಾಯಲ್ಲೇ ಹೇಳಿಸಿ.

ಮಂಡ್ಯದಲ್ಲಿ ನಮ್ಮ ಮನೆ ಜಗಲಿ ಮೇಲೆ ಸಂಜೆ ಹೊತ್ತು ಏಳೆಂಟು ಹುಡುಗರಿಗೆ ಪಾಠ ಮಾಡ್ತೀನಿ. ಮೊದಮೊದಲು ನಾನೂ ತಪ್ಪು ಕಂಡ ತಕ್ಷಣ ಪೆನ್ನು ಕಿತ್ಕೊಂಡು ಸರಿ ಮಾಡಿಕೊಡ್ತಿದ್ದೆ. ಹುಡುಗರು ತಲೆ ಆಡಿಸೋರು, ಮಾರನೇ ದಿನ ಅದೇ ತಪ್ಪು. ಒಂದು ಸಲ ಒಬ್ಬ 5.2ರಲ್ಲಿ 1.45 ಕಳೆದು 4.43 ಅಂತ ಬರೆದಿದ್ದ. ಹೆಂಗೋ ಬಂತು ಅಂದೆ. "ಐದ್ರಲ್ಲಿ ಒಂದು ಹೋದ್ರೆ ನಾಕು ಸಾ. ಎರಡ್ರಲ್ಲಿ ನಲವತ್ತೈದು ಹೋಗಕಿಲ್ಲ, ಅದ್ಕೆ ನಲವತ್ತೈದ್ರಲ್ಲಿ ಎರಡು ಕಳೆದೆ."

ನಮ್ಮ ಕಡೆ ಕನ್ನಂಬಾಡಿ ಕಟ್ಟೆ 124.80 ಅಡಿಗೆ ಭರ್ತಿ ಅನ್ನೋದು ಮಕ್ಕಳಿಗೂ ಗೊತ್ತು. ಅದನ್ನೇ ಹಿಡಿದು ಕೇಳಿದೆ: ನೆನ್ನೆ 118.9 ಅಡಿ, ಇವತ್ತು 118.45. ನೀರು ಏರಿತೋ ಇಳೀತೋ?

"ಏರೈತೆ ಸಾ, ಒಂಬತ್ತಕ್ಕಿಂತ ನಲವತ್ತೈದು ದೊಡ್ದಲ್ವಾ!"

ಇದು ದಡ್ಡತನ ಅಲ್ಲ. ಮನೇಲಿ ಅಪ್ಪ ಜಮೀನು "ಎರಡು ಹತ್ತು" ಅಂತಾರೆ, ಎರಡು ಎಕರೆ ಹತ್ತು ಗುಂಟೆ. ಪಹಣಿಯಲ್ಲೂ ನಡುವೆ ಚುಕ್ಕಿ. ಎಕರೆಗೆ 40 ಗುಂಟೆ, ಹಾಗಾಗಿ ದಶಮಾಂಶದಲ್ಲಿ ಅದು 2.25 ಎಕರೆ. (ದೊಡ್ಡವರೇ ಕ್ಯಾಲ್ಕುಲೇಟರಲ್ಲಿ 2.10 ಒತ್ತಿ ಎಕರೆ ರೇಟಿಗೆ ಗುಣಿಸೋದನ್ನ ನೋಡಿದೀನಿ, ನಷ್ಟ ಮಾರೋನಿಗೆ.) ಕ್ರಿಕೆಟ್ಟಲ್ಲಿ 19.5 ಓವರ್ ಆದ ಮುಂದಿನ ಬಾಲಿಗೆ 20. ಚುಕ್ಕಿಯ ಆಚೆ ಇರೋದು ಬೇರೆಯದೇ ಸಂಖ್ಯೆ ಅಂತ ಊರೆಲ್ಲ ಕಲಿಸಿರುವಾಗ ಪುಸ್ತಕದ ನಿಯಮ ಎಲ್ಲಿ ನಿಲ್ಲುತ್ತೆ?

ಅವನಿಗೆ ಗ್ರಾಫ್ ಹಾಳೆ ಕೊಟ್ಟೆ. ಒಂದು ದೊಡ್ಡ ಚೌಕದೊಳಗೆ ನೂರು ಪುಟ್ಟ ಮನೆ. ಈ ಚೌಕ ಒಂದು ಅಡಿ ಅಂದ್ಕೋ, ಹತ್ತು ಪಟ್ಟಿಯಲ್ಲಿ ಒಂಬತ್ತಕ್ಕೆ ಬಣ್ಣ ಹಚ್ಚು, ಪಕ್ಕದ ಚೌಕದಲ್ಲಿ 45 ಮನೆಗೆ ಹಚ್ಚು ಅಂದೆ. ಹಚ್ಚಿದ. ಎರಡನ್ನೂ ನೋಡ್ತಾ ಕೂತ. ಆಮೇಲೆ ನಾನು ಹೇಳದೇನೇ 118.9ರ ಕೊನೆಗೆ ಒಂದು ಸೊನ್ನೆ ಬರೆದು, "ನೀರು ಇಳ್ದೈತೆ ಸಾ" ಅಂದ. 5.2ಕ್ಕೂ ಸೊನ್ನೆ ಹಾಕಿಕೊಂಡು 3.75 ತಂದ.

ಮಗ್ಗಿ ಬಾರದೆ ತಪ್ಪುತ್ತಿದ್ದರೆ ಆ ಕತೆ ಬೇರೆ, ಅದಕ್ಕೆ ದಿನಾ ಒಪ್ಪಿಸೋದು ಬಿಟ್ಟು ದಾರಿಯಿಲ್ಲ.

ಇವತ್ತು ಅವಳು ತಪ್ಪು ಮಾಡಿದ ಮೂರೇ ಲೆಕ್ಕ ತಗೊಳ್ಳಿ. ರಬ್ಬರ್ ಎತ್ತಿಡಿ. ಹೇಗೆ ಬಂತು ಅಂತ ಕೇಳಿ, ಅವಳು ಹೇಳಿ ಮುಗಿಸೋವರೆಗೂ ಸುಮ್ಮನಿರಿ. ಅದೇ ಕಷ್ಟ, ನನಗೆ ಈಗಲೂ ಪೆನ್ನಿಗೆ ಕೈ ಹೋಗುತ್ತೆ.