ಕುಣಿಸಿದವರು ಯಾರು?

ಪ್ರಿಯ ಲೇಖಕರೇ,

ನೋಡುಗರು ರೂಪಿಸುವ ಅಂತರ್ಜಾಲದ ನೃತ್ಯಗಳನ್ನು ಕುರಿತ ನಿಮ್ಮ ಲೇಖನ ತಲುಪಿದೆ. ವಿಷಯ ಹೊಸದು, ಓದು ವಿಸ್ತಾರವಾಗಿದೆ. ಆದರೆ ನಿಮ್ಮ ಎರಡು ಕ್ರಿಯಾಪದಗಳು ನನ್ನನ್ನು ಎರಡು ದಿನ ಕಾಡಿದ್ದರಿಂದ ಅವುಗಳ ಬಗ್ಗೆಯಷ್ಟೇ ಬರೆಯುತ್ತಿದ್ದೇನೆ.

‘1995ರಲ್ಲಿ ನೋಡುಗರು ಸ್ಟೆಲಾರ್ಕ್ ಎಂಬ ಕಲಾವಿದರನ್ನು ದೂರದಿಂದಲೇ ಕುಣಿಸಿದರು’ ಎಂದಿದ್ದೀರಿ. ‘ಕುಣಿಸಿದರು’ ಎಂದೊಡನೆ ಓದುಗರ ಕಣ್ಣೆದುರು ಸೂತ್ರದ ಗೊಂಬೆ ಬಂದು ನಿಲ್ಲುತ್ತದೆ. ಕಲಾವಿದರು ಇದ್ದದ್ದು ಲಕ್ಸೆಂಬರ್ಗ್‌ನಲ್ಲಿ. ಪ್ಯಾರಿಸ್, ಹೆಲ್ಸಿಂಕಿ, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿದ್ದ ಜನ ಪರದೆಯನ್ನು ಮುಟ್ಟಿದಾಗ ಕಲಾವಿದರ ಸ್ನಾಯುಗಳಿಗೆ ವಿದ್ಯುತ್ ಹರಿದು, ಅವರು ಬಯಸದಿದ್ದರೂ ಅವಯವಗಳು ಅಲುಗುತ್ತಿದ್ದವು. ಆದರೆ ಅವರು ಧರಿಸಿದ್ದ ಯಾಂತ್ರಿಕ ‘ಮೂರನೆಯ ಕೈ’ ಮಾತ್ರ ಅವರ ಹಿಡಿತದಲ್ಲೇ ಇತ್ತು. ಒಂದೇ ಮೈಯಲ್ಲಿ ಪರರ ಇಚ್ಛೆಯೂ ತನ್ನ ಇಚ್ಛೆಯೂ ಒಟ್ಟಿಗೆ ಚಲಿಸಿದ ಆ ವಿಚಿತ್ರವೇ ಪ್ರಯೋಗದ ಜೀವ. ನಿಮ್ಮ ವಾಕ್ಯದಲ್ಲಿ ಅದಕ್ಕೆ ಜಾಗವೇ ಇಲ್ಲ.

ಮುಂದಿನ ಸಾಲು ಇನ್ನೂ ತೊಡಕಿನದು: ‘2009ರಲ್ಲಿ ವಿಲಿಯಂ ಫೋರ್ಸೈತ್ ಅವರ ನೃತ್ಯವನ್ನು ನೋಡುಗರು ಜಾಲತಾಣದಲ್ಲಿ ಬದಲಾಯಿಸಿದರು.’ ಇಲ್ಲ, ಬದಲಾಯಿಸಲಿಲ್ಲ. 17 ನರ್ತಕರು 20 ಮೇಜುಗಳ ನಡುವೆ ಮಾಡಿದ ನೃತ್ಯವನ್ನು ಮೊದಲೇ ಚಿತ್ರೀಕರಿಸಿ, ಅವರು ಪರಸ್ಪರ ಕೊಟ್ಟುಕೊಳ್ಳುವ ಸನ್ನೆಗಳನ್ನು ದತ್ತಾಂಶವಾಗಿಸಿ, ನೃತ್ಯ ಸಂಯೋಜಕರಾದ ಫೋರ್ಸೈತ್ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡದೊಡನೆ ಆ ತಾಣವನ್ನು ಕಟ್ಟಿದ್ದರು. ಅಲ್ಲಿನ ಸಲಕರಣೆಗಳಿಂದ ನೋಡುಗರು ತಮ್ಮದೇ ಗೆರೆ, ಆಕಾರಗಳನ್ನು ಮೂಡಿಸಬಹುದಿತ್ತೇ ಹೊರತು ನರ್ತಕರ ಒಂದು ಹೆಜ್ಜೆಯನ್ನೂ ಅತ್ತಿತ್ತ ಮಾಡುವಂತಿರಲಿಲ್ಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ, ನೋಡುಗರ ಪಾಲು ಎಷ್ಟೆಂಬ ನಿಮ್ಮ ಮೂಲ ಪ್ರಶ್ನೆಯೇ ಕೈತಪ್ಪಿಹೋಗುತ್ತದೆ.

ನಾನು ಉಪಸಂಪಾದಕನಾಗಿ ಸೇರಿದ ವರ್ಷ ಯಕ್ಷಗಾನದ ವರದಿಯೊಂದರಲ್ಲಿ ‘ಪ್ರೇಕ್ಷಕರೇ ಆಟವನ್ನು ಬೆಳೆಸಿದರು’ ಎಂದು ಬರೆದಿದ್ದೆ. ಹಿರಿಯರೊಬ್ಬರು ‘ಬೆಳೆಸಿದರು’ ಎಂಬುದರ ಕೆಳಗೆ ಗೆರೆ ಎಳೆದು, “ಏನು ಮಾಡಿ ಬೆಳೆಸಿದರು?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಆಟಕ್ಕೆ ಹೋದಾಗ ರಂಗಸ್ಥಳದ ಪಕ್ಕದಲ್ಲೇ ಕುಳಿತೆ. ಜನ ಚಪ್ಪಾಳೆ ತಟ್ಟಿದಾಗ ಭಾಗವತರು ಒಮ್ಮೆ ತಲೆಯೆತ್ತಿ ನೋಡಿ, ಮುಗಿಸಬೇಕಾಗಿದ್ದ ಪದ್ಯದ ಸಾಲನ್ನೇ ಮತ್ತೆ ಎತ್ತಿಕೊಂಡರು; ಚೆಂಡೆ ಬಿಸಿಯೇರಿತು; ಹಿಂದೆ ಸರಿಯುತ್ತಿದ್ದ ವೇಷಧಾರಿ ತಿರುಗಿ ಮತ್ತೊಂದು ಸುತ್ತು ಕುಣಿದರು. ನಾನು ಬರೆಯಬೇಕಾಗಿದ್ದದ್ದು ಆ ತಲೆಯೆತ್ತಿದ ನೋಟವನ್ನು.

ನಿಮ್ಮ ಲೇಖನದಲ್ಲೂ ಅಂಥದೊಂದು ನೋಟವಿದೆ, ಆದರೆ ಕೊನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ: ಲಾಕ್‌ಡೌನ್ ದಿನಗಳಲ್ಲಿ ನೋಡುಗರು ಬರೆದು ಕಳುಹಿಸಿದ ಪದಗಳಿಗೆ ನರ್ತಕಿಯೊಬ್ಬರು ತಮ್ಮ ಕೋಣೆಯಲ್ಲೇ ಕುಣಿದದ್ದನ್ನು ನೀವು ಫೋನಿನಲ್ಲಿ ನೋಡಿದ್ದೀರಿ. ಅಲ್ಲಿಂದಲೇ ಶುರುಮಾಡಿ ಮತ್ತೆ ಬರೆಯಿರಿ. ನೀವು ಕಳುಹಿಸಿದ ಪದ ಯಾವುದು? ಅದನ್ನು ಓದಿದ ಮೇಲೆ ಅವರು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದರು, ಮೊದಲು ಅಲುಗಿದ್ದು ಕೈಯೋ ಕಾಲೋ?