ಬಾಯಿ ಕಟ್ಟುವ ಮುಂಚೆ ಬಾಯಿ ಬಿಚ್ಚಿ

ಓದುಗರ ಪತ್ರ: ನಮ್ಮ ಮದುವೆಯಾಗಿ ಆರು ವರ್ಷ. ಮಲಗುವ ಕೋಣೆಯಲ್ಲಿ ಕಟ್ಟುವ, ಕಟ್ಟಿಸಿಕೊಳ್ಳುವ ಆಟ ಇಬ್ಬರಿಗೂ ಇಷ್ಟ. ಈಗ ಬಾಯಿಗೆ ಗ್ಯಾಗ್, ಅಂದರೆ ಮಾತು ಬರದಂತೆ ಬಾಯಿಗೆ ಕಟ್ಟುವ ಅಡ್ಡಿ, ಹಾಕಿ ನೋಡಬೇಕು ಅಂತ ಇಬ್ಬರಿಗೂ ಆಸೆ. ನಮ್ಮ ಮನೆಯವರು "ಕರವಸ್ತ್ರ ತುರುಕಿ ಮೇಲೆ ಟೇಪ್ ಹಚ್ಚಿದರೆ ಆಯಿತು, ದುಡ್ಡು ಯಾಕೆ ದಂಡ" ಅನ್ನುತ್ತಾರೆ. ಸರಿಯಾದದ್ದನ್ನೇ ತರಿಸೋಣ ಅಂತ ನಾನು. ಒಂದು ಸನ್ನೆ ಇಟ್ಟುಕೊಳ್ಳೋಣ ಅಂದರೆ, "ನಿನ್ನ ಮುಖ ನೋಡಿದರೇ ನನಗೆ ತಿಳಿಯುತ್ತೆ" ಅನ್ನುತ್ತಾರೆ. ಯಾರು ಸರಿ? ನನಗೆ ಆಕಳಿಸಿದಾಗ ದವಡೆ ಟಕ್ ಅನ್ನುತ್ತೆ, ಅದರಿಂದೇನೂ ತೊಂದರೆ ಇಲ್ಲ ಅಲ್ವಾ? ಇಂಥದ್ದನ್ನು ಕೇಳಿದ್ದಕ್ಕೆ ಕ್ಷಮಿಸಿ.
– ಹೆಸರು ಬೇಡ, ಜಮಖಂಡಿ

ಸಂಪಾದಕರ ಉತ್ತರ:

ತಂಗಿ, ಮೊದಲು ಆ ಕೊನೆಯ ಸಾಲನ್ನು ವಾಪಸ್ ತೊಗೊಳ್ಳಿ. ಕ್ಷಮೆ ಕೇಳುವಂಥದ್ದು ನೀವು ಏನೂ ಮಾಡಿಲ್ಲ. ಈ ಪುಟಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕೆಲಸ ಕೆಟ್ಟ ಮೇಲೆ ಬರುತ್ತವೆ. ನೀವು ಮುಂಚೆ ಕೇಳಿದ್ದೀರಿ. ಅದಕ್ಕೇ ಈ ಸಲ ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ನಿಮ್ಮದೊಂದನ್ನೇ ಹಿಡಿದು ಕೂತಿದ್ದೇನೆ.

ನಿಮ್ಮ ಮನೆಯವರ ಮಾತಿನಲ್ಲೂ ಒಂದಿಷ್ಟು ಹುರುಳಿದೆ. ದುಡ್ಡು ಸುಮ್ನೆ ಬರುವುದಿಲ್ಲ. ಆರು ವರ್ಷ ಸಂಸಾರ ಮಾಡಿದವರಿಗೆ ಹೆಂಡತಿಯ ಮುಖ ಓದಲು ಬರುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಎರಡೂ ವಿಷಯದಲ್ಲಿ ನೀವೇ ಸರಿ.

ಮೊದಲು ಬಟ್ಟೆಯ ಮಾತು. ಕರವಸ್ತ್ರ ಮನೆಯದೇ, ಮೆತ್ತಗಿದೆ, ಅದರಿಂದೇನು ಅಪಾಯ ಅನಿಸುತ್ತದೆ. ಅಪಾಯ ಅಲ್ಲೇ ಇದೆ. ಬಾಯಲ್ಲಿ ತುರುಕಿದ ಬಟ್ಟೆ ಜೊಲ್ಲು ಹೀರಿ ಉಬ್ಬುತ್ತದೆ, ಭಾರವಾಗುತ್ತದೆ, ನಾಲಿಗೆಯ ಹಿಂದಕ್ಕೆ ಜಾರುತ್ತದೆ. ಮೊದಲ ಕೆಲವು ನಿಮಿಷ ಮೂಗಿನಿಂದ ಉಸಿರು ಆಡುತ್ತಿರುವುದರಿಂದ ಎಲ್ಲ ಸರಿ ಇದೆ ಅನಿಸುತ್ತದೆ. ಆಮೇಲೆ ನೆನೆದ ಬಟ್ಟೆ ಗಂಟಲಿನ ಹಿಂಭಾಗವನ್ನೇ ಮುಚ್ಚುತ್ತದೆ. ಬಾಯಿಗೆ ಬಟ್ಟೆ ತುರುಕಿದಾಗ ಆಗುವ ಸಾವನ್ನು ಶವಪರೀಕ್ಷೆ ಕಲಿಸುವ ವೈದ್ಯಕೀಯ ಪಠ್ಯಗಳು ಉಸಿರುಗಟ್ಟಿದ ಸಾವುಗಳ ಸಾಲಿನಲ್ಲೇ ಇಟ್ಟು ವಿವರಿಸುತ್ತವೆ. ಮೇಲೆ ಟೇಪ್ ಹಚ್ಚಿದರೆ ಉಗುಳಲೂ ಆಗದು, ವಾಂತಿ ಬಂದರೆ ಹೊರಗೆ ಹೋಗಲೂ ದಾರಿಯಿಲ್ಲ. ಆಮ್ಲಜನಕ ಪೂರ್ತಿ ನಿಂತರೆ ಮಿದುಳಿಗೆ ಪೆಟ್ಟು ಬೀಳಲು ನಾಲ್ಕೈದು ನಿಮಿಷ ಸಾಕು. ಉಳಿಸಿದ ದುಡ್ಡು ಅಲ್ಲಿ ಯಾವ ಲೆಕ್ಕ?

ಎತ್ತಿನ ಬಾಯಿಗೆ ಕುಕ್ಕೆ ಹಾಕುವುದನ್ನು ನೋಡಿದ್ದೀರಲ್ಲ? ಬೆಳೆಗೆ ಬಾಯಿ ಹಾಕಬಾರದು ಅಂತ ಹಾಕುತ್ತಾರೆ. ಆದರೂ ಅದನ್ನು ಬಲೆಯ ಹಾಗೆ ಹೆಣೆಯುತ್ತಾರೆ, ಗಾಳಿ ಆಡಲಿ ಅಂತ. ಮೂಕ ಪ್ರಾಣಿಗೆ ನಮ್ಮ ರೈತರು ತೋರಿಸುವ ಆ ಎಚ್ಚರ ಮನೆಯ ಮನುಷ್ಯರಿಗೂ ಬೇಕು.

ಇನ್ನು ಕೊಳ್ಳುವುದು. ಹೆಚ್ಚಿನವರು ನೋಡಿರುವುದು ಪಟ್ಟಿಗೆ ಚೆಂಡು ಕೂಡಿಸಿದ ಬಾಲ್ ಗ್ಯಾಗ್. ಬಾಯಿ ಪೂರ್ತಿ ತೆರೆದಾಗ ದೊಡ್ಡವರ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಸುಮಾರು 4ರಿಂದ 5 ಸೆಂ.ಮೀ. ಜಾಗ ಇರುತ್ತದೆ. ಹಾಗಿದ್ದಾಗ 5 ಸೆಂ.ಮೀ. ಚೆಂಡು ಹಾಕಿದರೆ ದವಡೆಯನ್ನು ಅದರ ಕೊನೆಯ ಮಿತಿಯಲ್ಲೇ ಹಿಡಿದಿಟ್ಟ ಹಾಗೆ. ಹೊಸಬರಿಗೆ 4 ಸೆಂ.ಮೀ.ಗಿಂತ ದೊಡ್ಡದು ಬೇಡವೇ ಬೇಡ. ತೀರ ಸಣ್ಣದೂ ಬೇಡ, ಹಲ್ಲು ದಾಟಿ ಒಳಗೆ ಹೋಗುವಂಥದ್ದು ಅಪಾಯ. ತೂತುಗಳಿರುವ ಚೆಂಡು ಸಿಗುತ್ತದೆ, ಬಾಯಿಂದಲೂ ಸ್ವಲ್ಪ ಉಸಿರಾಡಬಹುದು. ಹಾಗಂತ ಮೂಗು ಕಟ್ಟಿದ್ದರೂ ನಡೆಯುತ್ತದೆ ಅಂದುಕೊಳ್ಳಬೇಡಿ.

ನನ್ನನ್ನು ಕೇಳಿದರೆ ಚೆಂಡಿಗಿಂತ ಬಿಟ್ ಗ್ಯಾಗ್ ಒಳ್ಳೆಯದು. ಕುದುರೆಯ ಕಡಿವಾಣದ ಹಾಗೆ ಹಲ್ಲುಗಳ ನಡುವೆ ಅಡ್ಡಕ್ಕೆ ಕೂಡುವ ಮೆತ್ತನೆಯ ಕೋಲು ಅದು. ದವಡೆ ಅಷ್ಟಾಗಿ ತೆರೆಯಬೇಕಿಲ್ಲ, ಅಕ್ಕಪಕ್ಕ ಗಾಳಿ ಆಡುತ್ತದೆ. ವಸ್ತು ಸಿಲಿಕೋನ್ ಆಗಿರಲಿ. ಸೋಪು, ಬಿಸಿನೀರಿನಲ್ಲಿ ತೊಳೆದರೆ ಸ್ವಚ್ಛವಾಗುತ್ತದೆ. ಡಬ್ಬಿ ತೆರೆದ ಕೂಡಲೇ ಪ್ಲಾಸ್ಟಿಕ್ ವಾಸನೆ ಘಮ್ಮಂತ ಹೊಡೆಯುವ ಅಗ್ಗದ ಮಾಲನ್ನು ಬಾಯಿಗೆ ಇಡಬೇಡಿ. ಪಟ್ಟಿ ಒಂದೇ ಕೈಯಲ್ಲಿ, ಕತ್ತಲಲ್ಲಿ ಬಿಚ್ಚಲು ಬರಬೇಕು. ಬೀಗ ಇರುವಂಥದ್ದು ಖಂಡಿತ ಬೇಡ. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಲಿ, ಕುತ್ತಿಗೆಯ ಸುತ್ತ ಏನೂ ಬರದಿರಲಿ. ತುದಿ ಮೊಂಡಾದ ಕತ್ತರಿ, ಬ್ಯಾಂಡೇಜ್ ಕತ್ತರಿಸುವಂಥದ್ದು, ಕೈಗೆ ಸಿಗುವ ಜಾಗದಲ್ಲಿ ಇಡಿ.

ಈಗ ಸನ್ನೆಯ ಮಾತು. ತಂಗಿ, ನನಗೆ ಸಿಟ್ಟು ಬಂದದ್ದು ಇಲ್ಲೇ.

ನನ್ನ ಸೋದರಮಾವನದು ಬನಹಟ್ಟಿಯಲ್ಲಿ ಪವರ್‌ಲೂಮ್ ಶೆಡ್ ಇತ್ತು. ಬೇಸಿಗೆ ರಜೆ ನಾನು ಅಲ್ಲೇ ಕಳೆಯುತ್ತಿದ್ದೆ. ಹನ್ನೆರಡು ಮಗ್ಗ ಒಟ್ಟಿಗೆ ಓಡುವಾಗ ಕಿವಿಯ ಹತ್ತಿರ ಕೂಗಿದರೂ ಕೇಳುತ್ತಿರಲಿಲ್ಲ. ಅಲ್ಲಿ ಮಾತೆಲ್ಲ ಕೈಯಲ್ಲೇ. ನೂಲು ಹರಿದಿದೆ, ನೀರು ಬೇಕು, ಊಟಕ್ಕೆ ಹೊತ್ತಾಯಿತು, ಎಲ್ಲಕ್ಕೂ ಒಂದೊಂದು ಸನ್ನೆ. ಕೈ ನೇರ ಮೇಲೆತ್ತಿದರೆ ನಿಲ್ಲಿಸು ಅಂತ. ಒಂದು ಮಧ್ಯಾಹ್ನ ಒಬ್ಬ ಹುಡುಗನ ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು. ಅವನು ಕೂಗಿದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇನ್ನೊಂದು ಕೈ ಎತ್ತಿದ. ಮಾವ ಅವನ ಮುಖವನ್ನೂ ನೋಡಲಿಲ್ಲ, ಓಡಿಹೋಗಿ ಮೇನ್ ಸ್ವಿಚ್ ಎಳೆದ. ಅಂಗಿ ಹರಿಯಿತು, ಕೈ ಉಳಿಯಿತು. ಆ ಶೆಡ್ಡಿನಲ್ಲಿ ಕೈ ಎತ್ತಿದವನನ್ನು "ಯಾಕೆ" ಅಂತ ಕೇಳುವ ರೂಢಿಯೇ ಇರಲಿಲ್ಲ. ಮೊದಲು ಸ್ವಿಚ್, ಆಮೇಲೆ ಮಾತು.

ನಿಮಗೆ ಬೇಕಾದದ್ದೂ ಅದೇ. ಬಾಯಿ ಕಟ್ಟಿದಾಗ "ಬೇಡ" ಅನ್ನುವ ಮಾತು ಇರುವುದಿಲ್ಲ. ಆ ಮಾತನ್ನು ಕೈಗೆ ಕೊಡಬೇಕು. ಬೀಗದ ಕೈ ಗೊಂಚಲನ್ನೋ ಗೆಜ್ಜೆಯನ್ನೋ ಮುಷ್ಟಿಯಲ್ಲಿ ಹಿಡಿದಿರಿ. ಕೈ ಬಿಟ್ಟರೆ ಸಪ್ಪಳ, ಸಪ್ಪಳವಾದರೆ ಆಟ ನಿಂತಿತು. ಪ್ರಜ್ಞೆ ತಪ್ಪಿದರೂ ಅದು ತಾನಾಗಿ ಜಾರುತ್ತದೆ, ಅದಕ್ಕೇ ನನಗೆ ಆ ಸನ್ನೆ ಇಷ್ಟ. ಬಿದ್ದಾಗ ಕೇಳಿಸಬೇಕಲ್ಲ, ಮುಷ್ಟಿ ಹಾಸಿಗೆಯ ಅಂಚಿನ ಆಚೆ ಇರಲಿ, ಕೆಳಗೆ ಬರೀ ನೆಲವಿರಲಿ. ಜೊತೆಗೆ ಗಂಟಲಿನಿಂದ ಮೂರು ಸಲ "ಹ್ಞೂಂ" ಅನ್ನುವುದು ಇರಲಿ. ಎರಡನ್ನೂ ಬಾಯಿಗೆ ಏನೂ ಹಾಕದೆ ಹಗಲಲ್ಲೇ ಒಮ್ಮೆ ಮಾಡಿ ನೋಡಿ.

"ಮುಖ ನೋಡಿದರೇ ತಿಳಿಯುತ್ತೆ" ಅನ್ನುವವರಿಗೆ ಹಳೆಯ ಉತ್ತರವೊಂದಿದೆ. ಕಾಮಸೂತ್ರವನ್ನು ಬರೀ ಭಂಗಿಗಳ ಪುಸ್ತಕ ಅಂತ ತಿಳಿದವರು ಜಾಸ್ತಿ. ಅದರಲ್ಲಿ ವಾತ್ಸ್ಯಾಯನ ಒಂದು ಮಾತು ಹೇಳುತ್ತಾನೆ. ನಾಗಾಲೋಟದಲ್ಲಿರುವ ಕುದುರೆಗೆ ಮುಂದಿನ ಕಂಬ, ಗುಂಡಿ ಕಾಣುವುದಿಲ್ಲ, ಆವೇಶದಲ್ಲಿರುವ ಪ್ರೇಮಿಗಳಿಗೂ ಹಾಗೇ ಎನ್ನುತ್ತಾನೆ. ಅಲ್ಲೇ ಹೆಸರು ಹಿಡಿದು ಹೇಳುತ್ತಾನೆ: ಕುಂತಲದ ಅರಸ ಶಾತಕರ್ಣಿ ಶಾತವಾಹನ ತನ್ನ ರಾಣಿ ಮಲಯವತಿಯನ್ನು ಕರ್ತರಿ ಎಂಬ ಹೊಡೆತದಿಂದ ಕೊಂದ ಅಂತ. ಯುದ್ಧದಲ್ಲಲ್ಲ, ಸರಸದಲ್ಲಿ. ಕುಂತಲ ಅಂದರೆ ನಮ್ಮದೇ ಸೀಮೆ, ತಂಗಿ. ನಿಮ್ಮ ಮನೆಯವರು ಕೆಟ್ಟವರು ಅಂತ ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಯಾರ ಕಣ್ಣನ್ನೂ ನಂಬಬಾರದು ಎನ್ನುತ್ತಿದ್ದೇನೆ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಸಲ ಐದು ನಿಮಿಷ ಸಾಕು. ರೂಢಿಯಾದ ಮೇಲೂ ಹತ್ತು ಹದಿನೈದು ನಿಮಿಷಕ್ಕೆ ಬಿಚ್ಚಿ, ದವಡೆಗೆ ವಿಶ್ರಾಂತಿ ಕೊಡಿ. ಬಾಯಿ ತೆರೆದಿದ್ದಾಗ ಜೊಲ್ಲು ನುಂಗುವುದು ಕಷ್ಟ, ಅದಕ್ಕೆ ಅಂಗಾತ ಮಲಗಬೇಡಿ, ಕೂತಿರಿ ಇಲ್ಲವೇ ಮಗ್ಗುಲಾಗಿರಿ. ಕಟ್ಟಿದವರು ಒಂದು ಕ್ಷಣವೂ ಕೋಣೆ ಬಿಟ್ಟು ಹೋಗಬಾರದು, ಫೋನ್ ಬಂದರೂ, ಬಾಗಿಲು ಬಡಿದರೂ. ಕುಡಿದಾಗ ಬೇಡ, ನಿದ್ದೆ ಮಾತ್ರೆ ತೊಗೊಂಡಾಗ ಬೇಡ, ಹೊಟ್ಟೆ ತುಂಬ ಹೋಳಿಗೆ ಉಂಡ ರಾತ್ರಿ ಬೇಡ. ನೆಗಡಿ, ಆಸ್ತಮಾ, ಫಿಟ್ಸ್ ಇರುವವರಿಗೆ ಇದು ಸಲ್ಲದು. ಓಕರಿಕೆ ಬಂದರೆ ಮೊದಲು ಬಿಚ್ಚುವುದು, ಮಗ್ಗುಲಾಗಿಸುವುದು. ಇಷ್ಟೆಲ್ಲ ಯಾಕೆ ಅನಿಸಿದರೆ ಗ್ಯಾಗನ್ನೇ ಬಿಡಿ. "ಸದ್ದು ಮಾಡಬಾರದು" ಅಂತ ಇಬ್ಬರೂ ಒಪ್ಪಿಕೊಂಡರೂ ಅರ್ಧ ಆಟ ಅಲ್ಲೇ ಇದೆ.

ಇದನ್ನೆಲ್ಲ ನಿಮಗೆ ಯಾರೂ ಹೇಳಿಕೊಟ್ಟಿಲ್ಲ, ಅದು ನಿಮ್ಮ ತಪ್ಪಲ್ಲ. ನಾನು ಓದಿದ ಶಾಲೆಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮಾಸ್ತರರು "ಮನೆಯಲ್ಲಿ ಓದಿಕೊಳ್ಳಿ" ಅಂತ ಪುಟ ತಿರುವಿದರು. ಮನೆಯಲ್ಲಿ ಯಾರ ಹತ್ತಿರ ಓದುವುದು? ಇವತ್ತಿಗೂ ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ಗುಪ್ತ ರೋಗದ ಜಾಹೀರಾತಿಗೆ ಜಾಗ ಇದೆ, ಉಸಿರು ಉಳಿಸುವ ಮಾತಿಗೆ ಇಲ್ಲ. ಇದನ್ನೆಲ್ಲ ಬರೆದರೆ ಸಂಸ್ಕೃತಿ ಹಾಳಾಯಿತು ಅಂತ ಪತ್ರ ಬರುತ್ತವೆ. ಅವರನ್ನು ಒಮ್ಮೆ ಐಹೊಳೆಗೆ ಕರೆದುಕೊಂಡು ಹೋಗಬೇಕು ಅನಿಸುತ್ತದೆ. ಅಲ್ಲಿ ಬಾದಾಮಿ ಚಾಲುಕ್ಯರ ಕಾಲದ ದುರ್ಗ ಗುಡಿಯ ಕಂಬಗಳ ಮೇಲಿನ ಜೋಡಿಗಳನ್ನು ಕಡೆದವರು ನಾಚಿಕೊಂಡು ಕಡೆಯಲಿಲ್ಲ. ಅದೇ ಚಾಲುಕ್ಯರ ಹೆಸರಿನ ಕಲ್ಯಾಣದ ಅರಸರ ಕಾಲದಲ್ಲಿ, 11ನೇ ಶತಮಾನದಲ್ಲೇ, ಚಂದ್ರರಾಜ ಕನ್ನಡದಲ್ಲಿ ಮದನತಿಲಕ ಎಂಬ ಕಾಮಶಾಸ್ತ್ರ ಬರೆದ. ಆಗ ಇದ್ದ ಮಾತು ಈಗ ಯಾಕೆ ಬತ್ತಿತು?

ಒಂದು ಮಾತಿಗೆ ನಿಮ್ಮನ್ನೂ ಬೈಯುತ್ತೇನೆ. ದವಡೆ ಟಕ್ ಅನ್ನುವುದನ್ನು ಕೊನೆಯಲ್ಲಿ, "ತೊಂದರೆ ಇಲ್ಲ ಅಲ್ವಾ" ಅಂತ ಸೇರಿಸಿದ್ದೀರಿ. ಪತ್ರದ ಮೊದಲ ಸಾಲು ಅದಾಗಬೇಕಿತ್ತು. ಕಿವಿಯ ಮುಂದಿರುವ ಕೀಲಿನ ಸದ್ದು ಅದು. ನೋವಿಲ್ಲದಿದ್ದರೆ ಎಷ್ಟೋ ಜನರಲ್ಲಿ ಅದು ಸುಮ್ಮನೆ ಇರುತ್ತದೆ. ಆದರೆ ಬಾಯಿ ತೆರೆದೇ ಹಿಡಿದರೆ ನೋವು ಶುರುವಾಗಬಹುದು, ದವಡೆ ಅಲ್ಲೇ ಸಿಕ್ಕಿಕೊಳ್ಳಲೂಬಹುದು. ಹಲ್ಲಿನ ಡಾಕ್ಟರಿಗೆ ತೋರಿಸಿ. ಕಾರಣ ಹೇಳಲು ಮುಜುಗರವಾದರೆ "ಜಾಸ್ತಿ ಹೊತ್ತು ಬಾಯಿ ತೆರೆದಿಟ್ಟರೆ ಏನಾಗುತ್ತೆ" ಅಂತ ಕೇಳಿ ಸಾಕು. ನಿಮ್ಮ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಹೇಳುವುದನ್ನು ಅವರೂ ಕೇಳಲಿ. ಅಲ್ಲಿಯವರೆಗೆ ಏನನ್ನೂ ತರಿಸಬೇಡಿ.