ಹಗ್ಗದಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ‘ಲಿಸ್ಬನ್‌ನಲ್ಲೊಂದು ದಿನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ಅತ್ತೆ.

ಐದನೇ ಪುಟದಲ್ಲಿ ಅವರು ಬೆಲೆಂ ಗೋಪುರದ ಮುಂದೆ ನಿಲ್ಲುತ್ತಾರೆ. ಗೋಡೆಯ ಸುತ್ತ ಕಲ್ಲಲ್ಲೇ ಕೆತ್ತಿದ ಹಗ್ಗ ನೋಡಿ, “ಇದು ನಮ್ಮ ತೋಟದ ಅಡಿಕೆ ಕೊನೆ ಇಳಿಸುವ ಹಗ್ಗವನ್ನು ಹೋಲುತ್ತಿದೆ” ಅನ್ನುತ್ತಾರೆ. ಇಡೀ ಲೇಖನದಲ್ಲಿ ಕಣ್ಣು ಬಿಟ್ಟು ನೋಡಿದವರು ಅವರೊಬ್ಬರೇ. (ಶಿರಸಿಯ ಅತ್ತೆ ‘ಹೋಲುತ್ತಿದೆ’ ಅಂದಿರಲಿಕ್ಕಿಲ್ಲ ಬಿಡಿ. ಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೇ ಬರೆಯಿರಿ.)

ನೀವು? ‘ಕಣ್ಮನ ಸೆಳೆಯುವ’ ಏಳು ಸಲ, ‘ಕಲ್ಲಿನಲ್ಲಿ ಅರಳಿದ ಕಾವ್ಯ’ ಮೂರು ಸಲ. ಈ ಮಾತನ್ನು ಬೇಲೂರಿಗೂ ಅಂಟಿಸಬಹುದು, ತಾಜ್‌ಮಹಲಿಗೂ ಅಂಟಿಸಬಹುದು. ‘ಪ್ರಾಣಿಗಳ ಮನಮೋಹಕ ಕೆತ್ತನೆ’ ಅಂದಿದ್ದೀರಿ. ಯಾವ ಪ್ರಾಣಿ? ಆ ಗೋಪುರದ ಒಂದು ಮೂಲೆಯ ಬುಡದಲ್ಲಿ ಘೇಂಡಾಮೃಗದ ತಲೆ ಇದೆ. ಮಳೆ ಗಾಳಿಗೆ ಸವೆದು ಈಗ ಗುರುತು ಹತ್ತುವುದೇ ಕಷ್ಟ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಘೇಂಡಾಮೃಗವೊಂದು 1515ರಲ್ಲಿ ಹಡಗಿನಲ್ಲಿ ಲಿಸ್ಬನ್‌ಗೆ ಬಂದಿಳಿದಿತ್ತು. ಗೋಪುರದ ಕೆಲಸ ನಡೆದದ್ದೂ ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ. ಇಷ್ಟು ಹೇಳಿದರೆ ಸಾಕಿತ್ತು, ‘ಮನಮೋಹಕ’ ತಾನಾಗೇ ಬಿದ್ದುಹೋಗುತ್ತಿತ್ತು.

ಈಗ ನನಗೆ ನಿಜಕ್ಕೂ ಹೊಟ್ಟೆ ಉರಿದ ಜಾಗಕ್ಕೆ ಬರುತ್ತೇನೆ. ಪಕ್ಕದ ಜೆರೋನಿಮೋಸ್ ಕ್ರೈಸ್ತ ಮಠಕ್ಕೆ ನೀವು ನಾಲ್ಕು ಸಾಲು ಕೊಟ್ಟಿದ್ದೀರಿ. ಮೊಟ್ಟೆ ಟಾರ್ಟಿಗೆ ಅರ್ಧ ಪುಟ! ತೆಳ್ಳಗಿನ ಕಂಬಗಳು, ಎರಡು ಅಂತಸ್ತಿನ ಒಳಾಂಗಳ, ಹಗ್ಗ, ಕಡಲ ಬಳ್ಳಿ, ಬಳುಕುವ ಎಲೆ ಎಲ್ಲ ಕಲ್ಲಲ್ಲೇ. ಪೋರ್ಚುಗಲ್‌ನ ದೊರೆ ಮನುವೆಲ್ 1501ರಲ್ಲಿ ಶುರು ಮಾಡಿಸಿದ ಈ ಮಠಕ್ಕೆ ಹಣ ಬಂದದ್ದೆಲ್ಲಿಂದ ಗೊತ್ತಾ? ಆಫ್ರಿಕಾ ಮತ್ತು ನಮ್ಮ ಕಡೆಯ ವ್ಯಾಪಾರದ ಮೇಲೆ ಹಾಕಿದ ನೂರಕ್ಕೆ ಐದರ ತೆರಿಗೆಯಿಂದ. ಆ ತೆರಿಗೆಯನ್ನು ಕರೆಯುತ್ತಿದ್ದದ್ದೇ ‘ಮೆಣಸಿನ ಇಪ್ಪತ್ತನೇ ಪಾಲು’ ಅಂತ. ನಿಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿರುತ್ತಲ್ಲ, ಅದೇ ಮೆಣಸು. ಅತ್ತೆ ಹಗ್ಗದ ತನಕ ಬಂದಿದ್ದರು. ಅವರ ಕೈ ಹಿಡಿದು ನಾಲ್ಕು ಹೆಜ್ಜೆ ಆಚೆ ಕರೆದುಕೊಂಡು ಹೋಗುವ ಕೆಲಸ ನಿಮ್ಮದಿತ್ತು, ಅಲ್ವಾ?

ಹಾಗಂತ ಉತ್ಸಾಹದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಮೆಣಸಿನಿಂದಲೇ ಮಠ ಎದ್ದಿತು ಅಂತ ಬರೆದುಬಿಡಬೇಡಿ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಅಂತ ಕರೆದದ್ದು ನಿಜ. ಆದರೆ ಆಕೆಯ ಆಳ್ವಿಕೆ 16ನೇ ಶತಮಾನದ ಉತ್ತರಾರ್ಧದ್ದು, ಮಠದ ಕೆಲಸ ಅದಕ್ಕೂ ಎಷ್ಟೋ ಮೊದಲೇ ಶುರುವಾಗಿತ್ತು.

ಒಂದು ತಪ್ಪನ್ನು ತಿದ್ದಲೇಬೇಕು. ವಾಸ್ಕೋ ಡ ಗಾಮನನ್ನು ‘ಸತ್ತ ಕೂಡಲೇ ಇಲ್ಲಿ ಹೂಳಿದರು’ ಅಂತ ಬರೆದಿದ್ದೀರಿ. ಆತ ಸತ್ತದ್ದು 1524ರಲ್ಲಿ, ಕೊಚ್ಚಿಯಲ್ಲಿ. ಹೂಳಿದ್ದೂ ಅಲ್ಲೇ. ಆಮೇಲೆ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ಈ ಮಠಕ್ಕೆ ತಂದದ್ದು 1880ರಲ್ಲಿ. ನೀವು ಫೋಟೋ ತೆಗೆದ ಗೋರಿಯೂ 19ನೇ ಶತಮಾನದ ಕೆಲಸವೇ.

ಮಧ್ಯಾಹ್ನದ ಮೇಲೆ ನೋಡಿದ ಆರು ಕಟ್ಟಡ, ಎರಡು ಚೌಕ ಎಲ್ಲ ತೆಗೆಯಿರಿ. ಅಲ್ಲಿ ನೀವು ಸುಸ್ತಾಗಿದ್ದಿರಿ, ಓದುವವರಿಗೂ ಅದು ಗೊತ್ತಾಗುತ್ತದೆ. ವಿಮಾನ, ವೀಸಾ, ಹೋಟೆಲಿನ ಒಂದೂವರೆ ಪುಟವೂ ಬೇಡ. ‘ದೇಶ ಯಾವುದಾದರೇನು, ಕಲೆ ಒಂದೇ’ ಅನ್ನುವ ಕೊನೆಯ ಸಾಲು ಮೊದಲು ಹೋಗಲಿ. ಟಾರ್ಟ್ ಎರಡು ಸಾಲು ಇರಲಿ, ಅತ್ತೆ ಅದನ್ನು ತಿಂದರೋ ಇಲ್ಲವೋ ನೀವು ಹೇಳಿಯೇ ಇಲ್ಲ.

ಎಂಟುನೂರು ಪದ ಸಾಕು. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿದರೆ ನೋಡುತ್ತೇನೆ. ಹಗ್ಗದ್ದೊಂದು ಹತ್ತಿರದ ಫೋಟೋ ಇದ್ದರೆ ಜೊತೆಗಿಡಿ. ಸೆಲ್ಫಿ ಬೇಡ.